ಸಾಧು ನಾಯಿ ಗುರ್ ಎಂದರೆ ಮೊದಲು ಕಿವಿ ನೋಡಿ

ಪ್ರಶ್ನೆ: ನಮ್ಮದು 6 ವರ್ಷದ ಲ್ಯಾಬ್ರಡಾರ್. ಮಕ್ಕಳು ಮೈಮೇಲೆ ಬಿದ್ದರೂ ಸುಮ್ಮನಿರುತ್ತಿತ್ತು. ಮಳೆ ಹಿಡಿದ ಮೇಲೆ ಕೊರಳಪಟ್ಟಿ ಹಾಕಲು ಹೋದರೆ ಗುರ್ ಎನ್ನುತ್ತದೆ. ಮೊನ್ನೆ ತಲೆ ಸವರಿದ ಮಗನ ಕೈಗೆ ಬಾಯಿ ಹಾಕಿತು, ಹಲ್ಲು ತಾಗಲಿಲ್ಲ. ಎರಡು ಬಿಗಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಹೊಡೆಯಬೇಕೆ?
– ಓದುಗರು, ಕೆಲಗೇರಿ, ಧಾರವಾಡ

ಉತ್ತರ: ದಯವಿಟ್ಟು ಹೊಡೆಯಬೇಡಿ. ಗುರ್ ಎನ್ನುವುದು ಅದು ಕೊಡುವ ಎಚ್ಚರಿಕೆ. ಪೆಟ್ಟು ಕೊಟ್ಟು ಅದನ್ನು ಬಿಡಿಸಿದರೆ ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ಇಷ್ಟು ವರ್ಷ ಸಾಧುವಾಗಿದ್ದ ನಾಯಿ ಕೆಲವೇ ದಿನಗಳಲ್ಲಿ ಬದಲಾದರೆ ಎಲ್ಲೋ ನೋಯುತ್ತಿದೆ ಎಂದೇ ಮೊದಲು ತಿಳಿಯಬೇಕು.

ಪಟ್ಟಿ ಹಾಕುವಾಗ, ತಲೆ ಸವರುವಾಗ ಕೈ ಹೋಗುವುದು ಕಿವಿಯ ಬಳಿಗೇ. ಲ್ಯಾಬ್ರಡಾರ್ ಕಿವಿ ಜೋತುಬಿದ್ದಿರುತ್ತದೆ, ಮಳೆಯಲ್ಲಿ ನೆಂದರೆ ಒಳಗೆ ಬೇಗ ಆರುವುದಿಲ್ಲ. ಆ ತೇವದಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಒಬ್ಬರು ತಿನ್ನಲು ಕೊಡುತ್ತಿರುವಾಗ ಇನ್ನೊಬ್ಬರು ಮೆಲ್ಲಗೆ ಕಿವಿ ಎತ್ತಿ ನೋಡಿ. ಜೋನಿಬೆಲ್ಲದ ಬಣ್ಣದ ಗುಗ್ಗೆ, ಹುಳಿ ಬಂದ ಹಿಟ್ಟಿನಂಥ ವಾಸನೆ, ಕೆಂಪಾದ ಚರ್ಮ ಕಂಡರೆ ಸೋಂಕು ಆಗಿರುವ ಸಂಭವ ಹೆಚ್ಚು. ಗುರ್ ಎಂದರೆ ಅಲ್ಲಿಗೇ ಬಿಡಿ, ಹಿಡಿದು ಒತ್ತಾಯ ಮಾಡಬೇಡಿ.

ಹತ್ತಿಕಡ್ಡಿ ಹಾಕಬೇಡಿ, ಅದು ಗುಗ್ಗೆಯನ್ನು ಇನ್ನೂ ಒಳಗೆ ತಳ್ಳುತ್ತದೆ. ಎಣ್ಣೆ, ಮನೆಯಲ್ಲಿ ಉಳಿದ ಹಳೇ ಡ್ರಾಪ್ಸ್ ಕೂಡ ಬೇಡ. ತಮಟೆ ತೂತಾಗಿದ್ದರೆ ಕೆಲವು ಔಷಧಿಗಳಿಂದ ಕಿವುಡು ಬರಬಹುದು, ಅದಕ್ಕೇ ವೈದ್ಯರು ಮೊದಲು ಉಪಕರಣ ಇಟ್ಟು ಒಳಗೆ ನೋಡುತ್ತಾರೆ. ಐದಾರು ದಿನಕ್ಕೆ ವಾಸನೆ ಹೋಯಿತೆಂದು ಔಷಧಿ ನಿಲ್ಲಿಸುವುದೇ ಬಹಳ ಜನ ಮಾಡುವ ತಪ್ಪು. ವೈದ್ಯರು ಮತ್ತೆ ನೋಡಿ ಸಾಕು ಎನ್ನುವವರೆಗೆ ಹಾಕಿ, ಇಲ್ಲದಿದ್ದರೆ ಮರುಕಳಿಸುತ್ತದೆ.

ಕಿವಿ ಸ್ವಚ್ಛವಿದ್ದರೆ ಹಲ್ಲು, ಕತ್ತು, ಸೊಂಟ ನೋಡಿಸಿ. ಎಲುಬು ಕಡಿದು ದವಡೆ ಹಲ್ಲು ಸೀಳಿದ್ದರೆ ಒಂದೇ ಕಡೆಯಿಂದ ಅಗಿಯುತ್ತದೆ. ಮೆಟ್ಟಿಲು ಹತ್ತಲು ಹಿಂದೆಮುಂದೆ ನೋಡಿದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ. ಆಸ್ಪತ್ರೆಯಲ್ಲಿ ಹೆದರಿದ ನಾಯಿ ಕುಂಟುವುದನ್ನೂ ಮರೆತು ನಡೆಯುತ್ತದೆ. ಮೈ ಬಂದು, ಮಂಕಾಗಿ, ಎರಡೂ ಪಕ್ಕೆಯ ಕೂದಲು ಉದುರಿದ್ದರೆ ಥೈರಾಯ್ಡ್ ರಕ್ತಪರೀಕ್ಷೆ ಕೇಳಿ. ನೋವೆಂದು ಮನುಷ್ಯರ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರ ಕೊಡಲೇಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಿ ಕಿಡ್ನಿ ಕೆಡುತ್ತದೆ.

ರೇಬೀಸ್ ಲಸಿಕೆಯ ಕಾರ್ಡು ತೆಗೆದು ನೋಡಿ. ದನಿ ಬದಲಾಗುವುದು, ದವಡೆ ಜೋಲುವುದು, ಜೊಲ್ಲು ಸುರಿಸುತ್ತ ತೂರಾಡುವುದು ಕಂಡರೆ ಬಾಯಿಗೆ ಕೈ ಹಾಕದೆ ಕೋಣೆಯಲ್ಲಿ ಕೂಡಿಹಾಕಿ ಪಶುವೈದ್ಯರನ್ನು ಕರೆಸಿ. ಮಗನ ಕೈಯನ್ನು ಬೆಳಕಿನಲ್ಲಿ ಇನ್ನೊಮ್ಮೆ ನೋಡಿ. ಸಣ್ಣ ತರಚು ಇದ್ದರೂ ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆದು ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: 9 ವರ್ಷದ ಹೆಣ್ಣುನಾಯಿ, 12 ಕಿಲೊ. ಈಗೀಗ ಮನೆಯೊಳಗೇ ಉಚ್ಚೆ ಹೊಯ್ಯುತ್ತದೆ. ಹಟವೇ?
– ಓದುಗರು, ಗದಗ

ಉತ್ತರ: ಹಟವಲ್ಲ. ಮಲಗಿದಲ್ಲೇ ಸೋರಿದರೆ ಮೂತ್ರದ ದ್ವಾರ ಸಡಿಲಾಗಿರಬಹುದು, ಸಂತಾನಹರಣ ಆದ ಹೆಣ್ಣುನಾಯಿಗಳಲ್ಲಿ ಇದು ಹೆಚ್ಚು. ತಿಣುಕಿ ತಿಣುಕಿ ಹನಿ ಹನಿ ಹೊಯ್ದರೆ ಸೋಂಕು ಅಥವಾ ಕಲ್ಲು. ನೀರು ಬಹಳ ಕುಡಿಯುತ್ತಿದ್ದರೆ ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರಬಹುದು. ಒಂದು ದಿನ ನೀರು ಅಳೆದು ಇಡಿ: ಕಿಲೊಗೆ 100 ಮಿಲಿ, ಅಂದರೆ ನಿಮ್ಮ ನಾಯಿಗೆ 1.2 ಲೀಟರ್ ದಾಟಿದರೆ ಅದು ಅತಿಯಾಯಿತು. ಬೆಳಗಿನ ಮೊದಲ ಉಚ್ಚೆಯನ್ನು ಉದ್ದ ಹಿಡಿಕೆಯ ಸೌಟಿನಲ್ಲಿ ಹಿಡಿದು, ಶುಚಿಯಾದ ಡಬ್ಬಿಗೆ ಹಾಕಿ ಆಗಲೇ ತಪಾಸಣೆಗೆ ಒಯ್ಯಿರಿ. ಮನೆ ಒದ್ದೆಯಾಗುತ್ತದೆಂದು ನೀರಿನ ಬಟ್ಟಲು ಮಾತ್ರ ಎತ್ತಿಡಬೇಡಿ.