ಚಂದಾ ಕಟ್ಟೋದು ನಾವು, ಜಾಹೀರಾತು ನೋಡೋದೂ ನಾವೇ?

ಹೋದ ಸಂಚಿಕೆಯಲ್ಲಿ ಯಾರೋ ಒಬ್ಬರು ಒಟಿಟಿ, ಅಂದರೆ ನೆಟ್ ಮೂಲಕ ಪಿಕ್ಚರ್, ಸೀರೀಸ್ ತೋರಿಸುವ ಆ್ಯಪ್‌ಗಳ ಬಗ್ಗೆ ಕೇಳಿದರು ಅಂತ ನಾಲ್ಕು ಸಾಲು ಬರೆದೆ. ಆಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದೇ ವಿಷಯ. ಅಡುಗೆ, ಆಸ್ತಿ ತಕರಾರು, ಅತ್ತೆ-ಸೊಸೆಯ ಪ್ರಶ್ನೆ ಕಳಿಸಿದವರು ಮುಂದಿನ ತಿಂಗಳವರೆಗೆ ಕಾಯಬೇಕು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಕಾಲಕ್ಕೆ ವಿಡಿಯೊ ಲೈಬ್ರರಿ ಇಟ್ಟು ಪಿಕ್ಚರ್ ಬಾಡಿಗೆಗೆ ಕೊಡುತ್ತಿದ್ದವನು ನಾನು. ಈಗ ನಾನೇ ಗಿರಾಕಿ. ಹಾಗಾಗಿ ಈ ವಿಷಯದಲ್ಲಿ ಬಾಯಿ ಹಾಕಲು ಸ್ವಲ್ಪ ಹಕ್ಕಿದೆ ಅಂದುಕೊಂಡಿದ್ದೇನೆ.

ಪ್ರ: ಮಗ ಟೀವಿಗೆ ನಾಲ್ಕು ಆ್ಯಪ್ ಹಾಕಿಸಿಕೊಟ್ಟಿದ್ದಾನೆ. ಊಟ ಆದಮೇಲೆ ರಿಮೋಟ್ ಹಿಡಿದರೆ ಅರ್ಧ ಗಂಟೆ ಹುಡುಕೋದರಲ್ಲೇ ಹೋಗುತ್ತದೆ. ಕೊನೆಗೆ ಚಂದನ ಹಾಕಿಕೊಂಡು ತೂಕಡಿಸುತ್ತೇವೆ. ನಾಲ್ಕೂ ತೆಗೆಸಿಬಿಡಲೇ?
– ನಿವೃತ್ತ ಶಿಕ್ಷಕಿ, ತಿಪಟೂರು

ಉ: ಮೂರು ತೆಗೆಸಿ ಮೇಡಂ, ಒಂದು ಇಟ್ಟುಕೊಳ್ಳಿ. ಎರಡು ತಿಂಗಳಾದ ಮೇಲೆ ಅದನ್ನೂ ತೆಗೆಸಿ ಇನ್ನೊಂದು ಹಾಕಿಸಿ. ಈ ಕಂಪನಿಗಳಿಗೆ ನಿಷ್ಠೆಯಿಂದ ಇದ್ದರೆ ಯಾರೂ ಶಾಲು ಹೊದಿಸುವುದಿಲ್ಲ.

ಹುಡುಕಾಟದ ಕಾಯಿಲೆ ಮಾತ್ರ ಹಳೆಯದು. ನಮ್ಮ ಅಂಗಡಿಯಲ್ಲೂ ಗಿರಾಕಿಗಳು ಗೋಡೆ ತುಂಬ ಜೋಡಿಸಿದ ಕ್ಯಾಸೆಟ್ ನೋಡುತ್ತ ನಿಂತುಬಿಡುತ್ತಿದ್ದರು. ಸ್ವಲ್ಪ ಹೊತ್ತು ನೋಡಿ ನಾನೇ ಕೇಳುತ್ತಿದ್ದೆ, "ಇವತ್ತು ಮನೇಲಿ ಯಾರ್ಯಾರಿದ್ದೀರಿ?" ಅಜ್ಜಿ ಬಂದಿದ್ದಾರೆ ಅಂದರೆ ರಾಜ್‌ಕುಮಾರ್ ಪಿಕ್ಚರ್. ಹೆಂಡತಿ ತವರಿಗೆ ಹೋಗಿದ್ದಾರೆ ಅಂದರೆ ಇಂಗ್ಲಿಷ್ ಫೈಟಿಂಗ್. ಕೂಸಿಗೆ ಜ್ವರ, ರಾತ್ರಿಯೆಲ್ಲ ಎದ್ದಿರಬೇಕು ಅಂದವರಿಗೆ ಎರಡು ಕಾಮಿಡಿ ಕೊಟ್ಟು ಒಂದರ ದುಡ್ಡು ತೆಗೆದುಕೊಂಡದ್ದೂ ಉಂಟು. ಆ್ಯಪ್ ಈ ಪ್ರಶ್ನೆ ಕೇಳುವುದಿಲ್ಲ. ನಿನ್ನೆ ಏನು ನೋಡಿದಿರಿ ಅನ್ನೋದಷ್ಟೇ ಅದಕ್ಕೆ ಗೊತ್ತು. ಮೊಮ್ಮಗ ಒಂದು ಭಾನುವಾರ ಕಾರ್ಟೂನ್ ನೋಡಿ ಹೋದರೆ ವಾರವಿಡೀ ನಿಮಗೆ ಕರಡಿ, ಮೊಲಗಳನ್ನೇ ತೋರಿಸುತ್ತದೆ. ಅದಕ್ಕೇ ಅವನಿಗೊಂದು, ನಿಮಗೊಂದು ಪ್ರೊಫೈಲ್ ಮಾಡಿಸಿ. ಯಾರಾದರೂ ಒಳ್ಳೆ ಪಿಕ್ಚರ್ ಹೆಸರು ಹೇಳಿದರೆ ಕ್ಯಾಲೆಂಡರ್ ಹಿಂದೆ ಬರೆದಿಡಿ. ಸಂಜೆಯೇ ಯಾವುದು ಅಂತ ತೀರ್ಮಾನಿಸಿ, ರಿಮೋಟಿನ ಮೈಕ್ ಗುಂಡಿ ಒತ್ತಿ ಹೆಸರು ಹೇಳಿ. ಪುಟ ತಿರುವುತ್ತ ಕೂರಬೇಡಿ.

ವರ್ಷದ ಚಂದಾ ಅಗ್ಗ ಅಂತ ಲೆಕ್ಕ ತೋರಿಸುತ್ತಾರೆ, ಆ ಲೆಕ್ಕ ಸುಳ್ಳಲ್ಲ. ಆದರೆ ಹನ್ನೆರಡು ತಿಂಗಳೂ ನೋಡುವವರಿಗೆ ಮಾತ್ರ ಅದು ಅಗ್ಗ. ಮನೆಯಲ್ಲಿ ಮದುವೆ, ಪರೀಕ್ಷೆ, ಬಾಣಂತನ ಏನೂ ಇಲ್ಲದ ವರ್ಷ ಯಾವುದಿದೆ ಹೇಳಿ? ಇನ್ನೊಂದು, ಮಗನ ಬ್ರಾಡ್‌ಬ್ಯಾಂಡ್ ಅಥವಾ ರೀಚಾರ್ಜ್ ಪ್ಯಾಕಿನೊಳಗೇ ಒಂದೆರಡು ಆ್ಯಪ್ ಸೇರಿರಬಹುದು. ಒಂದೇ ಆ್ಯಪ್‌ಗೆ ಎರಡು ಕಡೆಯಿಂದ ಹಣ ಕಟ್ಟುವ ಮನೆಗಳು ಬೇಕಾದಷ್ಟಿವೆ. ಮೊದಲು ಅದನ್ನು ವಿಚಾರಿಸಿ.

ಪ್ರ: ಚಂದಾ ಕಟ್ಟಿದ್ದೇನೆ. ಆದರೂ ಹೊಸ ಪಿಕ್ಚರ್ ಒತ್ತಿದರೆ 'ಬಾಡಿಗೆ' ಅಂತ ಬೇರೆ ದುಡ್ಡು ಕೇಳುತ್ತದೆ. ಇದು ಹಗಲು ದರೋಡೆಯಲ್ಲವೇ?
– ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಉ: ದರೋಡೆಯಲ್ಲ, ಒಂದೇ ಸೂರಿನಡಿ ಎರಡು ಅಂಗಡಿ. ಅಮೆಜಾನ್ ಪ್ರೈಮ್ ವಿಡಿಯೊ ನಮ್ಮ ದೇಶದಲ್ಲಿ ಈ ಬಾಡಿಗೆ ವ್ಯಾಪಾರ ಶುರುಮಾಡಿದ್ದು 2022ರ ಏಪ್ರಿಲ್‌ನಲ್ಲಿ. ಅದಕ್ಕೆ ಪ್ರೈಮ್ ಚಂದಾ ಇರಲೇಬೇಕೆಂದಿಲ್ಲ. ಯೂಟ್ಯೂಬ್‌ನಲ್ಲೂ ಬಾಡಿಗೆಗೆ ಸಿಗುತ್ತದೆ. ನನ್ನ ಕೇಳಿದರೆ, ತಿಂಗಳಿಗೆ ಒಂದೇ ಪಿಕ್ಚರ್ ನೋಡುವ ಮನೆಗೆ ಚಂದಾಕ್ಕಿಂತ ಇದೇ ಮೇಲು. ನೋಡಿದ್ದಕ್ಕಷ್ಟೇ ದುಡ್ಡು.

ಕರಾರು ಮಾತ್ರ ಓದಿಕೊಳ್ಳಿ. ಸಾಮಾನ್ಯವಾಗಿ ಹಣ ಕಟ್ಟಿದ ಮೇಲೆ ನೋಡಲು ಶುರುಮಾಡುವುದಕ್ಕೆ 30 ದಿನ ಸಮಯ. ಒಂದು ಸಲ ಪ್ಲೇ ಒತ್ತಿದಿರೋ, 48 ಗಂಟೆಯೊಳಗೆ ಮುಗಿಸಬೇಕು. ನಾವು ಮಾರನೇ ದಿನ ಸಂಜೆಯೊಳಗೆ ಕ್ಯಾಸೆಟ್ ತಂದುಕೊಡಿ ಅನ್ನುತ್ತಿದ್ದೆವು, ತಡವಾದರೆ ಬೈದು ಬಿಡುತ್ತಿದ್ದೆವು. ಇಲ್ಲಿ ಬೈಯುವವರಿಲ್ಲ, ಪಿಕ್ಚರೇ ಮಾಯ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ ಬಾರದಿರುವುದೂ ಉಂಟಲ್ಲ. ಮೋಡ ನೋಡಿಕೊಂಡು ಪ್ಲೇ ಒತ್ತಿ.

ಪ್ರ: ಯಜಮಾನರು ನಾನು ಮಲಗಿದ ಮೇಲೆ ಸೀರೀಸ್‌ನ ಮುಂದಿನ ಎಪಿಸೋಡ್ ಕದ್ದು ನೋಡುತ್ತಾರೆ. ಮಾರನೇ ದಿನ ನನ್ನ ಜೊತೆ ಕೂತು ಹೊಸದಾಗಿ ನೋಡಿದವರ ಹಾಗೆ ಆಶ್ಚರ್ಯಪಡುತ್ತಾರೆ!
– ಹೆಸರು ಬೇಡ, ಹಾಸನ

ಉ: 'ನೋಡಿದ ಪಟ್ಟಿ' ಅಂತ ಆ್ಯಪ್‌ನಲ್ಲಿ ಒಂದು ಪುಟ ಇರುತ್ತದೆ, ದಿನಾಂಕ ಸಮೇತ. ಸಾಕ್ಷಿ ಇಟ್ಟುಕೊಂಡು ಮಾತಾಡಿ. ಆದರೂ ಅಷ್ಟು ಚೆನ್ನಾಗಿ ನಟಿಸುವ ಗಂಡ ಸಿಕ್ಕಿರುವಾಗ ಚಂದಾ ಯಾಕೆ ಕಟ್ಟುತ್ತೀರಿ?

ಪ್ರ: 'ಒಂದು ತಿಂಗಳು ಉಚಿತ' ಅಂತ ಅಪ್ಪನ ಫೋನಿನಿಂದ 1 ರೂಪಾಯಿ ಕಟ್ಟಿಸಿಕೊಂಡರು. ಅಪ್ಪ ನೋಡಲಿಲ್ಲ, ನಾನು ಆ್ಯಪ್ ಡಿಲೀಟ್ ಮಾಡಿದೆ. ಈಗ ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ತಿಂಗಳು ತಿಂಗಳೂ 299 ರೂಪಾಯಿ ಹೋಗಿದೆ. ಒಟಿಪಿ ಕೂಡ ಬಂದಿಲ್ಲ. ಪಿಂಚಣಿ ದುಡ್ಡು ಸಾರ್.
– ಬಿ.ಕಾಂ. ವಿದ್ಯಾರ್ಥಿನಿ, ಚಿತ್ರದುರ್ಗ

ಉ: ಇದೇ ದೂರು ಬೇರೆ ಬೇರೆ ಊರುಗಳಿಂದ ಬಂದಿದೆ ತಂಗಿ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಆ್ಯಪ್ ಡಿಲೀಟ್ ಮಾಡಿದರೆ ಫೋನಲ್ಲಿ ಜಾಗ ಖಾಲಿಯಾಗುತ್ತದೆ, ಚಂದಾ ನಿಲ್ಲುವುದಿಲ್ಲ. ಚಂದಾ ಇರುವುದು ಕಂಪನಿಯ ಲೆಕ್ಕದಲ್ಲಿ, ಹಣ ಎಳೆದುಕೊಳ್ಳುವ ಅಪ್ಪಣೆ ಇರುವುದು ಬ್ಯಾಂಕಿನಲ್ಲಿ. ಎರಡೂ ಕಡೆ ಕಡಿಯಬೇಕು. ಮೊದಲು ಕಂಪನಿಯ ವೆಬ್‌ಸೈಟಿಗೆ ಅಪ್ಪನ ನಂಬರಿನಿಂದ ಹೋಗಿ ಸದಸ್ಯತ್ವ ರದ್ದು ಮಾಡು. 'ನಿಜವಾಗಿಯೂ ಹೋಗ್ತೀರಾ?' ಅಂತ ಒಂದಲ್ಲ ಎರಡಲ್ಲ ಸಲ ಕೇಳುತ್ತಾರೆ. ದಪ್ಪಗೆ, ಬಣ್ಣಬಣ್ಣವಾಗಿ ಕಾಣುವ ಗುಂಡಿ ಉಳಿಯುವವರಿಗೆ. ಅದರ ಕೆಳಗೆ ಬೂದು ಬಣ್ಣದಲ್ಲಿ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣಗೆ ಇರುವುದು ಹೋಗುವವರಿಗೆ. ಅದನ್ನೇ ಒತ್ತು. ಪ್ಲೇ ಸ್ಟೋರ್ ಮೂಲಕ ಹಣ ಕಟ್ಟಿದ್ದರೆ ಅಲ್ಲೇ ಸಬ್‌ಸ್ಕ್ರಿಪ್ಷನ್ ಅನ್ನುವ ಕಡೆ ಹೋಗಿ ತೆಗೆಯಬೇಕು.

ಆಮೇಲೆ ಅಪ್ಪನ ಯುಪಿಐ ಆ್ಯಪ್ ತೆರೆದು ಅದರಲ್ಲಿ 'ಆಟೋಪೇ' ಹುಡುಕು. ಯಾರ್ಯಾರಿಗೆ ತಾನಾಗಿ ಹಣ ಹೋಗುತ್ತಿದೆ ಅನ್ನುವ ಪಟ್ಟಿಯೇ ಅಲ್ಲಿ ಸಿಗುತ್ತದೆ. ಇದನ್ನು ನೋಡಿ ಬೆಚ್ಚಿಬಿದ್ದವರು ನನಗೆ ಗೊತ್ತು. ಎಂದೋ ಮರೆತ ಜ್ಯೋತಿಷ್ಯದ ಆ್ಯಪ್ ಕೂಡ ಸಾಲಿನಲ್ಲಿ ಕೂತಿತ್ತು. ಬೇಡದ್ದನ್ನು ರದ್ದು ಮಾಡಿ ಪಿನ್ ಒತ್ತಿದರೆ ಮುಗಿಯಿತು. ಕಾರ್ಡ್ ಕೊಟ್ಟಿದ್ದರೆ ಬ್ಯಾಂಕಿನವರನ್ನು ಕೇಳು, ಇ-ಮ್ಯಾಂಡೇಟ್ ಅಂದರೆ ಅವರಿಗೆ ಅರ್ಥವಾಗುತ್ತದೆ.

ಒಟಿಪಿ ಯಾಕೆ ಬರಲಿಲ್ಲ? ಒಮ್ಮೆ ಅಪ್ಪಣೆ ಕೊಟ್ಟ ಮೇಲೆ 15,000 ರೂಪಾಯಿವರೆಗಿನ ಇಂಥ ಕಂತಿಗೆ ಒಟಿಪಿ ಬೇಕಿಲ್ಲ ಅಂತ ರಿಸರ್ವ್ ಬ್ಯಾಂಕೇ 2022ರಲ್ಲಿ ಮಾಡಿತು. ಮೊದಲು ಈ ಮಿತಿ 5,000 ಇತ್ತು. ಆದರೆ ಹಣ ಎಳೆಯುವ 24 ಗಂಟೆ ಮೊದಲು ಮೆಸೇಜ್ ಕಳಿಸಬೇಕು ಅನ್ನೋ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅಪ್ಪನಿಗೂ ಬಂದಿರುತ್ತದೆ, ಸಾಲ ಬೇಕೇ, ಸೈಟು ಬೇಕೇ ಅನ್ನುವ ಮೆಸೇಜುಗಳ ನಡುವೆ ಸಿಕ್ಕಿಕೊಂಡು.

ಇನ್ನು ಹೋದ ದುಡ್ಡು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗಿರಾಕಿಯನ್ನು ದಾರಿತಪ್ಪಿಸುವ 13 ಬಗೆಯ ಉಪಾಯಗಳನ್ನು ಪಟ್ಟಿಮಾಡಿದೆ. ಚಂದಾ ರದ್ದತಿಯನ್ನು ಗೋಜಲು ಮಾಡುವುದು ಅದರಲ್ಲಿ ಒಂದು. ಉಚಿತ ಚಂದಾಕ್ಕೂ ಆಟೋ ಡೆಬಿಟ್‌ಗೆ ಒಪ್ಪಿಗೆ ಕೊಡಲೇಬೇಕು ಅನ್ನುವುದೂ ಅದೇ ಬಲೆಯ ಲೆಕ್ಕಕ್ಕೆ ಬರುತ್ತದೆ. ನಿನ್ನ ಅಪ್ಪನಿಗೆ ಆದದ್ದು ಅದೇ. ಮೊದಲು ಕಂಪನಿಗೆ ಬರೆದು ವಾಪಸ್ ಕೇಳು, ಬರೆದದ್ದರ ಸ್ಕ್ರೀನ್‌ಶಾಟ್ ಇಟ್ಟುಕೋ. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡು. ಪೂರ್ತಿ ಹಣ ಬಂದೇ ಬರುತ್ತದೆ ಅಂತ ನಾನು ಭಾಷೆ ಕೊಡಲಾರೆ, ಆದರೆ ಸುಮ್ಮನಿದ್ದರೆ ಖಂಡಿತ ಬರುವುದಿಲ್ಲ.

ಪ್ರ: ವರ್ಷದ ಹಣ ಮುಂಗಡ ಕಟ್ಟಿದ ಮೇಲೂ ಪಿಕ್ಚರ್ ನಡುವೆ ಸಾಬೂನಿನ ಜಾಹೀರಾತು. ಯಾಕೆ ಸ್ವಾಮಿ?
– ಬ್ಯಾಂಕ್ ನೌಕರ, ಬಳ್ಳಾರಿ

ಉ: ನಿಮ್ಮದು ಯಾವ ಆ್ಯಪ್ ಅಂತ ಬರೆದಿಲ್ಲ. ಈಗ ಬಹಳಷ್ಟು ಕಡೆ ಇದೇ ಕತೆ. ಪ್ರೈಮ್ ವಿಡಿಯೊ 2025ರ ಜೂನ್ 17ರಿಂದ ಭಾರತದಲ್ಲಿ ಜಾಹೀರಾತು ತಂದಿತು. ಬೇಡ ಅನ್ನುವವರಿಗೆ ಆಗ ಇಟ್ಟ ಬೆಲೆ ವರ್ಷಕ್ಕೆ 699, ತಿಂಗಳಿಗೆ 129 ಹೆಚ್ಚುವರಿ. ಕಾನೂನು ಏನೇ ಹೇಳಲಿ, ಜಾಹೀರಾತಿಲ್ಲ ಅಂತ ನಂಬಿ ಮುಂಗಡ ಕೊಟ್ಟವನ ಅವಧಿ ಮುಗಿಯುವ ಮೊದಲು ನಡುವೆ ಸಾಬೂನು ತುರುಕುವುದು ವ್ಯಾಪಾರದ ಮರ್ಯಾದೆ ಅಲ್ಲ ಅನ್ನುವುದು ನನ್ನ ಮತ. ವರ್ಷಕ್ಕೆ ಕಟ್ಟಬೇಡಿ ಅಂತ ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ. ನಾವೂ ಸಾಚಾ ಅಲ್ಲ ಬಿಡಿ. ಆ ಕಾಲದ ಎಷ್ಟೋ ಕ್ಯಾಸೆಟ್ಟುಗಳಲ್ಲಿ ಪರದೆಯ ಕೆಳಗೆ ಬಟ್ಟೆ ಅಂಗಡಿ ಹೆಸರು ಓಡುತ್ತಲೇ ಇರುತ್ತಿತ್ತು, ನಾಯಕಿ ಸಾಯುವಾಗಲೂ.

ಪ್ರ: 149 ರೂಪಾಯಿ ಪ್ಲಾನ್ ಹಾಕಿಸಿದೆ. ಟೀವಿಯಲ್ಲಿ ಬರುತ್ತಿಲ್ಲ. ಸರ್ವಿಸ್‌ನವರಿಗೆ ಹೇಳಲೇ?
– ಟೈಲರ್, ಗಂಗಾವತಿ

ಉ: ಬೇಡ. ಅದು ಮೊಬೈಲಿಗೆ ಮಾತ್ರದ ಪ್ಲಾನ್ ಇರಬೇಕು. ನೆಟ್‌ಫ್ಲಿಕ್ಸ್ 2021ರ ಡಿಸೆಂಬರಿನಲ್ಲಿ ದರ ಇಳಿಸಿದಾಗ ಮೊಬೈಲಿಗೆ 149, ಟೀವಿಯಲ್ಲೂ ನೋಡಬಹುದಾದ ಬೇಸಿಕ್‌ಗೆ 199 ಅಂತ ಮಾಡಿತು. ಬೇರೆಯವರೂ ಇದೇ ರೀತಿ ವಿಂಗಡಿಸುತ್ತಾರೆ. ಕಟ್ಟುವ ಮೊದಲು 'ಟೀವಿ' ಅನ್ನೋ ಸಾಲಿನ ಎದುರು ಗೀಟಿದೆಯೋ ರೈಟ್ ಗುರುತಿದೆಯೋ ನೋಡಿ.

ಪ್ರ: ಡಬ್ಲಿನ್‌ನಲ್ಲಿ ನೋಡುತ್ತಿದ್ದ ಸೀರೀಸ್ ರಜಕ್ಕೆ ಮೈಸೂರಿಗೆ ಬಂದಾಗ ಕಾಣೆ. ಅಲ್ಲಿ ಕಾಣದ ಕನ್ನಡ ಪಿಕ್ಚರ್ ಇಲ್ಲಿದೆ. ಒಂದೇ ಖಾತೆ ತಾನೆ?
– ಸಾಫ್ಟ್‌ವೇರ್ ಎಂಜಿನಿಯರ್

ಉ: ಖಾತೆ ಒಂದೇ, ಹಕ್ಕು ಬೇರೆ ಬೇರೆ. ನಿರ್ಮಾಪಕರು ಪ್ರಸಾರದ ಹಕ್ಕನ್ನು ದೇಶ ನೋಡಿ ಮಾರುತ್ತಾರೆ. ನೀವು ಯಾವ ದೇಶದ ನೆಟ್ ಬಳಸುತ್ತೀರೋ ಆ ದೇಶದ ಪಟ್ಟಿ ಕಾಣುತ್ತದೆ. ಊರಿಗೆ ಬಂದಾಗ ಅಮ್ಮನ ಜೊತೆ ಕನ್ನಡದ್ದನ್ನೆಲ್ಲ ಮುಗಿಸಿಕೊಂಡು ಹೋಗಿ.

ಪ್ರ: ತಮಿಳು, ಮಲಯಾಳಂ, ತೆಲುಗು ರಾಶಿ ರಾಶಿ. ಕನ್ನಡದ್ದು ಹುಡುಕಿದರೆ ಡಬ್ ಆದದ್ದೇ ಮೇಲೆ ಬರುತ್ತದೆ. ನಮ್ಮ ಪಿಕ್ಚರ್ ಕೊಳ್ಳುವವರೇ ಇಲ್ಲವೇ?
– ಕಿರುಚಿತ್ರ ಮಾಡುವ ಹುಡುಗ, ಹುಬ್ಬಳ್ಳಿ

ಉ: ಕೊಳ್ಳುತ್ತಿದ್ದರು, ಚೌಕಾಸಿ ಹೆಚ್ಚಾಯಿತು. 2020ರ ಲಾಕ್‌ಡೌನಿನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ 'ಲಾ' ಮತ್ತು 'ಫ್ರೆಂಚ್ ಬಿರಿಯಾನಿ' ಚಿತ್ರಮಂದಿರಕ್ಕೆ ಬಾರದೆ ನೇರ ಪ್ರೈಮ್‌ಗೆ ಬಂದಾಗ, ಇನ್ನು ಸಣ್ಣ ಬಜೆಟ್‌ನವರಿಗೆ ದಾರಿಯಾಯಿತು ಅಂದುಕೊಂಡೆವು. ನಾಲ್ಕು ವರ್ಷದ ಮೇಲೆ, 2024ರಲ್ಲಿ, ಕರಾವಳಿಯ ಕತೆಗಳ 'ಏಕಂ' ಸರಣಿಗೆ ದೊಡ್ಡ ವೇದಿಕೆಗಳಲ್ಲಿ ಜಾಗ ಸಿಗದೆ ಅದರ ತಂಡ ತನ್ನದೇ ವೆಬ್‌ಸೈಟಿನಲ್ಲಿ ಬಿಡುಗಡೆ ಮಾಡಬೇಕಾಯಿತು.

ಕೇರಳದವರು ನೋಡಿ, 2024ರ ಮಾರ್ಚ್‌ನಲ್ಲಿ ಸರ್ಕಾರದ್ದೇ ಒಟಿಟಿ 'ಸಿ ಸ್ಪೇಸ್' ತೆರೆದರು. ಚಂದಾ ಇಲ್ಲ. ಒಂದು ಪಿಕ್ಚರಿಗೆ ಆಗ ಇಟ್ಟ ಬೆಲೆ 75 ರೂಪಾಯಿ, ಅದರಲ್ಲಿ ನಿರ್ಮಾಪಕನಿಗೂ ಪಾಲು. ನಮ್ಮ ಸರ್ಕಾರವೂ 2025ರ ಬಜೆಟ್‌ನಲ್ಲಿ ಕನ್ನಡ ಚಿತ್ರಗಳಿಗೆ ಒಟಿಟಿ ವೇದಿಕೆ ಮಾಡುತ್ತೇವೆ ಅಂತ ಘೋಷಿಸಿತು. ಮಾಡುವುದಾದರೆ ಬಾಡಿಗೆ ಲೆಕ್ಕದಲ್ಲೇ ಮಾಡಲಿ ಅಂತ ನನ್ನ ಆಸೆ. ಚಂದಾ ಅಂದಕೂಡಲೇ ಐದನೇ ಆ್ಯಪ್ ಯಾಕೆ ಅನ್ನುತ್ತಾರೆ ಜನ. 'ಈ ಒಂದು ಪಿಕ್ಚರ್, ಇಷ್ಟು ದುಡ್ಡು' ಅಂದರೆ ಜೇಬಿಗೆ ಕೈ ಹಾಕುತ್ತಾರೆ. ಕೌಂಟರಿನಲ್ಲಿ ಕೂತು ನೋಡಿದ ಮಾತಿದು. ನೀನು ಮಾತ್ರ ಸರ್ಕಾರಕ್ಕೆ ಕಾಯುತ್ತ ಕೂರಬೇಡ. ಮಾಡಿದ್ದನ್ನು ಯೂಟ್ಯೂಬಿಗೆ ಹಾಕು, ಇಂಗ್ಲಿಷ್ ಸಬ್‌ಟೈಟಲ್ ಸೇರಿಸು.

ಪ್ರ: ದುಡ್ಡು ಕೊಟ್ಟು ನೋಡುವ ಪಿಕ್ಚರ್ ಮುಂದಿನ ವರ್ಷವೂ ಹಾಗೇ ಇರುತ್ತದೆ ಅಂತ ಏನು ಖಾತ್ರಿ?
– ಗ್ರಂಥಪಾಲಕ, ಧಾರವಾಡ

ಉ: ಯಾವ ಖಾತ್ರಿಯೂ ಇಲ್ಲ. 2022ರ ನವೆಂಬರ್‌ನಲ್ಲಿ 'ಕಾಂತಾರ' ಪ್ರೈಮ್‌ಗೆ ಬಂದಾಗ, ಟ್ಯೂನಿನ ತಕರಾರು ಕೋರ್ಟಿನಲ್ಲಿದ್ದ ಕಾರಣ 'ವರಾಹ ರೂಪಂ' ಬೇರೆ ರಾಗದಲ್ಲಿತ್ತು. ಥಿಯೇಟರಿನಲ್ಲಿ ರೋಮಾಂಚನಗೊಂಡವರು ಮನೆಯಲ್ಲಿ ಗೊಣಗಿದರು. ಮೂಲ ಹಾಡು ಆಮೇಲೆ ವಾಪಸ್ ಬಂತು. ಅತ್ತ ಹೋದದ್ದೂ ಇತ್ತ ಬಂದದ್ದೂ ನಮ್ಮ ಕೈಯಲ್ಲಿರಲಿಲ್ಲ. ಬೇಕೇ ಬೇಕು ಅನ್ನುವ ಪಿಕ್ಚರಿನ ಡಿವಿಡಿ ಎಲ್ಲಾದರೂ ಸಿಕ್ಕರೆ ಕೊಂಡಿಡಿ. ಅಂಚೆಯಲ್ಲಿ ಡಿವಿಡಿ ಬಾಡಿಗೆಗೆ ಕಳಿಸುತ್ತಲೇ ಬೆಳೆದ ನೆಟ್‌ಫ್ಲಿಕ್ಸ್ ಕೂಡ ಅಮೆರಿಕದಲ್ಲಿ 2023ರ ಸೆಪ್ಟೆಂಬರ್ 29ಕ್ಕೆ ಕೊನೆಯ ಡಿಸ್ಕ್ ಕಳಿಸಿ ಆ ಬಾಗಿಲು ಮುಚ್ಚಿತು.

ಪ್ರ: ನಮ್ಮ ಮದುವೆ ಕ್ಯಾಸೆಟ್ ಅಟ್ಟದ ಮೇಲೆ ಸಿಕ್ಕಿದೆ. ಟೇಪಿನ ಮೇಲೆ ಬಿಳಿ ಬಿಳಿ ಕಾಣುತ್ತಿದೆ. ಪಕ್ಕದ ಮನೆಯವರ ಹಳೆ ವಿಸಿಆರ್‌ಗೆ ಹಾಕಿ ನೋಡಲೇ?
– ಗೃಹಿಣಿ, ಸಾಗರ

ಉ: ದಯವಿಟ್ಟು ಹಾಕಬೇಡಿ. ಅದು ಬೂಷ್ಟು, ಮಲೆನಾಡಿನ ಕ್ಯಾಸೆಟ್ ಅಂಗಡಿಗಳ ಜನ್ಮಶತ್ರು. ಹಾಗೇ ಓಡಿಸಿದರೆ ಟೇಪ್ ಅಂಟಿಕೊಂಡು ಹರಿಯಬಹುದು, ವಿಸಿಆರ್‌ನ ಹೆಡ್ಡಿಗೂ ಬೂಷ್ಟು ಹತ್ತಿ ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಬಿಸಿಲಿಗೂ ಇಡಬೇಡಿ. ಒಣಗಿದ ಜಾಗದಲ್ಲಿ ನಿಲ್ಲಿಸಿಡಿ. ಶಿವಮೊಗ್ಗ, ಬೆಂಗಳೂರಿನಂಥ ಊರುಗಳಲ್ಲಿ ಹಳೆ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸಿಕೊಡುವ ಸ್ಟುಡಿಯೊಗಳು ಈಗಲೂ ಇವೆ. ಬೂಷ್ಟು ತೆಗೆದು ಆಮೇಲೆ ಓಡಿಸುತ್ತೀರಾ ಅಂತ ಮೊದಲು ಕೇಳಿ. ತಬ್ಬಿಬ್ಬಾದರೆ ಬೇರೆ ಕಡೆ ನಡೆಯಿರಿ. ಕ್ಯಾಸೆಟ್ಟಿನ ಬೆನ್ನಿನ ಎಡಬದಿಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತದೆ. ಇನ್ನೂ ಇದ್ದರೆ ಮುರಿದು ಕೊಡಿ, ಆಗ ಅದರ ಮೇಲೆ ಅಪ್ಪಿತಪ್ಪಿಯೂ ಬೇರೆ ರೆಕಾರ್ಡ್ ಆಗುವುದಿಲ್ಲ. ಎರಡು ಪೆನ್‌ಡ್ರೈವ್‌ಗೆ ಹಾಕಿಸಿ, ಒಂದನ್ನು ಮಗಳ ಮನೆಯಲ್ಲಿಡಿ. ಕ್ಯಾಸೆಟ್ ಮರೆಯದೆ ವಾಪಸ್ ತನ್ನಿ.