ಪ್ರಶ್ನೋತ್ತರ: ಮೀನಿನ ಅಲರ್ಜಿಯೂ ಕ್ಯಾಲ್ಸಿಯಮ್ಮೂ

ಪ್ರಶ್ನೆ: ಮಂಗಳೂರಿನಿಂದ ಬರುವ ಬಂಗುಡೆ, ಮತ್ತಿ ತಿಂದರೆ ನನ್ನ 9 ವರ್ಷದ ಮಗನಿಗೆ ತುಟಿ ಊದಿ ಮೈಯೆಲ್ಲ ದದ್ದು ಏಳುತ್ತದೆ. ರಕ್ತಪರೀಕ್ಷೆಯ ವರದಿಯಲ್ಲಿ ‘ಆರ್ ಸಿಪ್ ಸಿ 1’ ಎಂಬುದರ ಮುಂದೆ 6.2 ಎಂದಿದೆ. ಅದು ಗೆಂಡೆ ಮೀನಿನದಂತೆ. ನಾವು ಗೆಂಡೆ ತಂದೇ ಇಲ್ಲ. ಚೆನ್ನಾಗಿ ಬೇಯಿಸಿ ಕೊಡಬಹುದೇ?
– ಓದುಗರು, ವಿರಾಜಪೇಟೆ

ಉತ್ತರ: ಬೇಯಿಸಿಯೂ ಕೊಡಬೇಡಿ. ‘ಸಿಪ್ ಸಿ 1’ ಎಂದರೆ ಗೆಂಡೆಯ ಸ್ನಾಯುವಿನ ಪಾರ್ವಾಲ್ಬುಮಿನ್ ಎಂಬ ಪುಟ್ಟ ಪ್ರೋಟೀನು. ಬಹುತೇಕ ಮೀನುಗಳಲ್ಲಿ ಇದರ ರಚನೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ಬಂಗುಡೆಯಿಂದ ಬಂದ ಅಲರ್ಜಿ ಗೆಂಡೆಯ ಪರೀಕ್ಷೆಯಲ್ಲೂ ಸಿಕ್ಕಿಬೀಳುತ್ತದೆ. ಅದು ಕ್ಯಾಲ್ಸಿಯಂ ಹಿಡಿದುಕೊಂಡು ಗಟ್ಟಿಯಾಗಿ ಮಡಚಿಕೊಂಡಿರುವುದರಿಂದ, ಕಾಚಂಪುಳಿ ಹಾಕಿ ಎಷ್ಟು ಕುದಿಸಿದರೂ ಪೂರ್ತಿ ಹಾಳಾಗುವುದಿಲ್ಲ. ಸಾರು ಕುದಿಯುವಾಗಿನ ಹಬೆಯೂ ಕೆಲವರಿಗೆ ಸಾಕಾಗುತ್ತದೆ.

ಮೊದಲಿನ ‘ಆರ್’ ಅಕ್ಷರಕ್ಕೆ ‘ರೀಕಾಂಬಿನೆಂಟ್’ ಎಂದರ್ಥ. ಮೀನಿನಿಂದ ಹಿಂಡಿದ್ದಲ್ಲ, ಅದರ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ತಯಾರಿಸಿದ್ದು. ಹಿಂಡಿದ ಸಾರದಲ್ಲಿ ಅಲರ್ಜಿಕಾರಕದ ಪ್ರಮಾಣ ಮೀನಿನ ಜಾತಿ, ಮಾಂಸದ ಭಾಗಕ್ಕೆ ತಕ್ಕಂತೆ ಏರುಪೇರಾಗುತ್ತದೆ. ಇದರಲ್ಲಿ ಆ ತೊಂದರೆಯಿಲ್ಲ. ವರದಿಯ ಅಂಕಿ ಈ ಪ್ರೋಟೀನಿನ ವಿರುದ್ಧ ರಕ್ತದಲ್ಲಿರುವ ಐಜಿಇಯದು (ಅಲರ್ಜಿ ತರುವ ಪ್ರತಿಕಾಯ); ಸಾಮಾನ್ಯವಾಗಿ 0.35ಕ್ಕಿಂತ ಹೆಚ್ಚಿದ್ದರೆ ಪಾಸಿಟಿವ್. ಆದರೆ ಅಂಕಿ ನೋಡಿ ಮುಂದಿನ ಸಲ ಎಷ್ಟು ಜೋರಾಗಿ ಬರುತ್ತದೆಂದು ಹೇಳಲಾಗದು. ಅಡ್ರಿನಲಿನ್ ಚುಚ್ಚುಮದ್ದು ಮನೆಯಲ್ಲಿ ಇರಬೇಕೇ ಎಂದು ವೈದ್ಯರನ್ನು ಈಗಲೇ ಕೇಳಿ. ಕಾಟ್ಲಾ, ರೋಹು ಕೂಡ ಗೆಂಡೆಯ ಬಳಗವೇ, ಅವೂ ಬೇಡ.

ಪ್ರಶ್ನೆ: ನಮ್ಮ ಪ್ರಾಜೆಕ್ಟಿಗೆ ಗೆಂಡೆಯ ಇದೇ ಪ್ರೋಟೀನನ್ನು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದೆವು. ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನಲ್ಲಿ 12 ಕಿಲೋಡಾಲ್ಟನ್ ಬಳಿ ದಪ್ಪ ಪಟ್ಟಿಯಿದೆ, ಆದರೆ ಪ್ರಮಾಣ ಅಳೆಯಲು 280 ನ್ಯಾನೋಮೀಟರ್ ಬೆಳಕು ಹಾಯಿಸಿದರೆ ಏನೂ ಕಾಣುವುದಿಲ್ಲ. ಎಲೈಸಾದಲ್ಲಿ (ಪ್ರತಿಕಾಯ ಅಂಟುವುದನ್ನು ತೋರಿಸುವ ಪರೀಕ್ಷೆ) ರೋಗಿಗಳ ಐಜಿಇ ಕೂಡ ಅಂಟುತ್ತಿಲ್ಲ.
– ವಿದ್ಯಾರ್ಥಿನಿ, ಕುಶಾಲನಗರ

ಉತ್ತರ: ಎರಡೂ ಬೇರೆ ಬೇರೆ ತೊಂದರೆ. 280ರ ಬೆಳಕನ್ನು ಹೀರುವುದು ಮುಖ್ಯವಾಗಿ ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲ; ಗೆಂಡೆಯ ಪಾರ್ವಾಲ್ಬುಮಿನ್‌ನಲ್ಲಿ ಅದಿಲ್ಲ. ಬಿಸಿಎ ಎಂಬ ಬಣ್ಣದ ವಿಧಾನದಿಂದ ಅಳೆಯಿರಿ.

ಐಜಿಇ ಅಂಟದಿರಲು ಲೋಹಗಳನ್ನು ಕಚ್ಚಿ ಹಿಡಿಯುವ ಇಡಿಟಿಎ ಎಂಬ ರಾಸಾಯನಿಕ ಕಾರಣವಿರಬಹುದು. ನೀವು ಹಾಕಿರಲಿಕ್ಕಿಲ್ಲ, ಆದರೆ ಹಲವು ಪ್ರೋಟಿಯೇಸ್ (ಪ್ರೋಟೀನು ಕತ್ತರಿಸುವ ಕಿಣ್ವ) ತಡೆ ಮಾತ್ರೆಗಳಲ್ಲಿ ಅದು ಇರುತ್ತದೆ. ಅದು ಕ್ಯಾಲ್ಸಿಯಂ ಕಿತ್ತುಕೊಂಡರೆ ಪ್ರೋಟೀನಿನ ಆಕಾರ ಸಡಿಲವಾಗಿ ಐಜಿಇಗೆ ಹಿಡಿತ ತಪ್ಪುತ್ತದೆ. ಪ್ರೋಟೀನು ಶುದ್ಧಗೊಳಿಸುವ ನಿಕಲ್ ಕಾಲಮ್ಮಿನ ನಿಕಲ್ಲೂ ಹೋಗುತ್ತದೆ. ಇಡಿಟಿಎ ಇಲ್ಲದ ಮಾತ್ರೆ ಕೊಳ್ಳಿ. 20 ಮಿಲಿಮೋಲಾರ್ ಟ್ರಿಸ್, ಪಿಎಚ್ 7.5, ಜೊತೆಗೆ 1ರಿಂದ 2 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಕೊನೆಯವರೆಗೂ ಇರಲಿ. ಫಾಸ್ಫೇಟ್ ಬಫರ್ ಬೇಡ, ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ಬೆಳ್ಳಗೆ ತಳಕ್ಕೆ ಕೂರುತ್ತದೆ. ಎಲೈಸಾ ತೊಳೆಯುವುದಕ್ಕೂ ಟ್ರಿಸ್ ಬಫರನ್ನೇ ಬಳಸಿ.

ಒಂದು ಸುಲಭದ ಹಂತವೂ ಇದೆ. ಕೋಶ ಒಡೆದ ದ್ರವವನ್ನು ಕ್ಯಾಲ್ಸಿಯಂ ಸಮೇತ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷ ಇಟ್ಟು ಸೆಂಟ್ರಿಫ್ಯೂಜ್ ಮಾಡಿ. ಬ್ಯಾಕ್ಟೀರಿಯಾದ ಬಹುಪಾಲು ಪ್ರೋಟೀನುಗಳು ಒಡೆದ ಹಾಲಿನಂತೆ ಗಟ್ಟಿಕಟ್ಟಿ ಕೆಳಗಿಳಿಯುತ್ತವೆ, ನಿಮ್ಮದು ಮೇಲಿನ ತಿಳಿಯಲ್ಲಿ ಉಳಿಯುತ್ತದೆ. ಬಾಸೋಫಿಲ್ (ಅಲರ್ಜಿಯಲ್ಲಿ ಕೆರಳುವ ಬಿಳಿ ರಕ್ತಕಣ) ಪರೀಕ್ಷೆಗೆ ಬಳಸುವುದಾದರೆ ಎಂಡೋಟಾಕ್ಸಿನ್ ಎಂಬ ಬ್ಯಾಕ್ಟೀರಿಯಾದ ಹೊದಿಕೆಯ ವಿಷವನ್ನು ತೆಗೆಯದೆ ಮುಂದುವರಿಯಬೇಡಿ. ಅದು ಕಾವಿಗೂ ಜಗ್ಗುವುದಿಲ್ಲ.

ಪ್ರಶ್ನೆ: ಮೀನಿನ ಅಲರ್ಜಿ ವಾಸಿಮಾಡುವ ಇಂಜೆಕ್ಷನ್ ಬಂದಿದೆಯೇ?
– ಓದುಗರು, ಸೋಮವಾರಪೇಟೆ

ಉತ್ತರ: ಮಾರುಕಟ್ಟೆಗೆ ಬಂದಿಲ್ಲ. ಯುರೋಪಿನ ‘ಫಾಸ್ಟ್’ ಯೋಜನೆಯಲ್ಲಿ ಗೆಂಡೆಯ ಪಾರ್ವಾಲ್ಬುಮಿನ್ ಕ್ಯಾಲ್ಸಿಯಂ ಹಿಡಿಯುವ ಎರಡೂ ಜಾಗಗಳನ್ನು ಬೇಕೆಂದೇ ಕೆಡಿಸಿ, ಅಲ್ಯೂಮಿನಿಯಂ ಹೈಡ್ರಾಕ್ಸೈಡಿಗೆ ಅಂಟಿಸಿ, ಚರ್ಮದಡಿ ಚುಚ್ಚುವ ಪ್ರಯೋಗ ನಡೆಯಿತು. ಕುಶಾಲನಗರದ ವಿದ್ಯಾರ್ಥಿನಿ ತಪ್ಪಿಸಿಕೊಳ್ಳಬೇಕಾದ ಸಡಿಲ ಆಕಾರವೇ ಇಲ್ಲಿ ಬೇಕಾದದ್ದು: ಐಜಿಇ ಹಿಡಿಯುವುದು ಬಹಳ ಕಡಿಮೆಯಾಗುತ್ತದೆ, ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಮಾತ್ರ ಗುರುತಿಸುತ್ತವೆ. ಅದು ಬರುವ ತನಕ ಮನೆಯಲ್ಲಿ ಚೂರುಚೂರು ಮೀನು ತಿನ್ನಿಸಿ ‘ಅಭ್ಯಾಸ’ ಮಾಡಿಸಲು ದಯವಿಟ್ಟು ಹೋಗಬೇಡಿ.