ಗಾಳಿ 120ಕ್ಕೆ ಏರಿಸಬೇಡಿ, ಮೊದಲು ಆ ಇಂಟರ್‌ಲಾಕ್ ಪಟ್ಟಿ ಬಿಡಿ

ಸರ್, ನಿಮ್ಮ ಪೋಸ್ಟೂ ಕೆಳಗಿನ ಕಾಮೆಂಟುಗಳೂ ಓದಿದೆ. ಹೈಬ್ರಿಡ್ ಸೈಕಲ್ ಜೊತೆ ಬಂದ 32 ಎಂಎಂ ಅಗಲದ ಟೈರ್ ತೆಗೆದು 25ರದ್ದು ಹಾಕಿಸಿದ್ದೀರಿ. ಬೆಂಗಳೂರಲ್ಲಿ ಜಯನಗರದಿಂದ ರಿಚ್ಮಂಡ್ ರೋಡ್ ಕಡೆ ಆಫೀಸಿಗೆ ಹೋಗ್ತೀರಿ. ಹಿಂದಿನ ಟ್ಯೂಬ್ ಪದೇ ಪದೇ ಹೋಗ್ತಿದೆ. ಅಂಗಡಿಯವರು ಗಾಳಿ 120 ಪಿಎಸ್‌ಐ (ಒತ್ತಡದ ಅಳತೆ) ಹೊಡೀರಿ ಅಂದಿದ್ದಾರೆ, ಇಲ್ಲಿ ಅರ್ಧ ಜನ ಅದಕ್ಕೆ ಹೂಂ ಅಂದುಬಿಟ್ಟಿದ್ದಾರೆ. ಆ ದಾರೀಲಿ ನಾನೂ ಹೋಗಿ ವಾಪಸ್ ಬಂದವನೇ, ಅದಕ್ಕೇ ಉದ್ದ ಬರೀತಿದ್ದೀನಿ.

ಟ್ಯೂಬಿನ ಫೋಟೋ ದೊಡ್ಡದು ಮಾಡಿ ನೋಡಿದೆ. ಎರಡು ಸಣ್ಣ ಸೀಳು, ಅಕ್ಕಪಕ್ಕ, ಮಧ್ಯೆ ಒಂದು ಬೆರಳಿನಗಲ ಜಾಗ. ಮುಳ್ಳೋ ಗಾಜೋ ಆಗಿದ್ರೆ ಒಂದೇ ತೂತು ಇರ್ತಿತ್ತು, ಅದೂ ಟೈರ್ ತಾಗೋ ಹೊರಮೈಲಿ. ಇದು ಅಪ್ಪಟ ಸ್ನೇಕ್‌ಬೈಟ್. ಏನೋ ಒಂದು ಅಂಚಿಗೆ ಚಕ್ರ ಬಡಿದು, ಟೈರ್ ಪೂರ್ತಿ ಒತ್ತಿಕೊಂಡು, ಟ್ಯೂಬು ರಿಮ್ಮಿನ ಎರಡು ಅಂಚಿಗೆ ಸಿಕ್ಕಿ ಕುಯ್ದಿದೆ. ಮೂರನೇ ಕಂಪನಿ ಟ್ಯೂಬ್ ಹಾಕಿದ್ರೂ ಇದೇ ಆಗುತ್ತೆ. ಟ್ಯೂಬೊಳಗೆ ಸೀಲೆಂಟ್ (ತೂತು ಮುಚ್ಚೋ ಅಂಟು ದ್ರವ) ಸುರೀರಿ ಅಂದವರ ಮಾತು ಕೇಳಬೇಡಿ. ಈ ಥರ ಸೀಳಿಗೆ ಸೀಲೆಂಟ್ ಹಿಡಿಯಲ್ಲ, ಒಳಗೆಲ್ಲ ಅಂಟು ಮಾಡಿ ಪ್ಯಾಚ್ ಹಾಕೋದಕ್ಕೂ ಬಿಡಲ್ಲ.

120 ಹೊಡೆದ್ರೆ ಸ್ನೇಕ್‌ಬೈಟ್ ಸ್ವಲ್ಪ ಕಮ್ಮಿಯಾಗುತ್ತೆ, ಸುಳ್ಳು ಹೇಳಲ್ಲ. ಆದರೆ ಟೈರು ನೆಲ ಹಿಡಿಯೋ ಬದಲು ನೆಲದ ಮೇಲೆ ಕುಣಿಯುತ್ತೆ. ಒದ್ದೆ ಗ್ರಾನೈಟ್ ಮೇಲೆ ಬ್ರೇಕ್ ಹಿಡಿದಾಗ ಗೊತ್ತಾಗುತ್ತೆ. ಅಂಗೈ ಜೋಮು ಹಿಡಿಯುತ್ತೆ, ಕಡ್ಡಿ ಸಡಿಲ ಆಗುತ್ತೆ. ಅಷ್ಟು ಗಾಳಿ ತುಂಬಿಸಿ ವೇಗ ಸಿಗುತ್ತೆ ಅನ್ನೋದು ವೆಲೋಡ್ರೋಮ್‌ನ, ಅಂದ್ರೆ ನುಣ್ಣನೆ ಸೈಕಲ್ ರೇಸ್ ಟ್ರ್ಯಾಕಿನ ಮಾತು. ನಮ್ಮ ರಸ್ತೇಲಿ ಗಟ್ಟಿ ಟೈರು ಪ್ರತಿ ಉಬ್ಬಿಗೂ ನಿಮ್ಮನ್ನ ಮೇಲಕ್ಕೆ ಎತ್ತುತ್ತೆ, ಮುಂದಕ್ಕೆ ಹೋಗಬೇಕಾದ ಶಕ್ತಿ ಅಲ್ಲೇ ಕರಗುತ್ತೆ.

ತೆಗೆದಿಟ್ಟಿರೋ ಆ 32 ಟೈರ್ ಇನ್ನೂ ಮನೇಲಿದ್ರೆ ವಾಪಸ್ ಹಾಕಿ. ನೀವು ಹೇಳಿದ 74 ಕೆಜಿ ತೂಕಕ್ಕೆ ಹಿಂದೆ 65, ಮುಂದೆ 58 ಪಿಎಸ್‌ಐನಿಂದ ಶುರು ಮಾಡಿ. ಲ್ಯಾಪ್‌ಟಾಪ್ ಬ್ಯಾಗು ಕ್ಯಾರಿಯರ್ ಮೇಲಿದ್ರೆ ಹಿಂದೆ ಐದು ಜಾಸ್ತಿ. ಮಳೆಗಾಲದಲ್ಲಿ ಎರಡೂ ಕಡೆ ಐದು ಕಮ್ಮಿ. ಟೈರಿನ ಪಕ್ಕದಲ್ಲಿ ಗರಿಷ್ಠ, ಎಷ್ಟೋ ಟೈರಲ್ಲಿ ಕನಿಷ್ಠವೂ ಅಚ್ಚು ಹಾಕಿರ್ತಾರೆ, ಅದನ್ನ ದಾಟಬೇಡಿ. ಗರಿಷ್ಠ ಅಂದ್ರೆ ತುಂಬಿಸಲೇಬೇಕಾದ ಲೆಕ್ಕ ಅಂತ ಅರ್ಧ ಗುಂಪು ತಿಳ್ಕೊಂಡಿದೆ, ಅದು ಅಲ್ಲ. ಕೆಳಗೆ ಹುಕ್‌ಲೆಸ್ ರಿಮ್ (ಟೈರ್ ಹಿಡಿಯೋ ಕೊಕ್ಕೆ ಅಂಚಲ್ಲಿ ಇಲ್ಲದ್ದು) ಬಗ್ಗೆ ಕೇಳಿದವರಿಗೆ: ನಿಮಗೆ 5 ಬಾರ್, ಅಂದ್ರೆ ಸುಮಾರು 72 ಪಿಎಸ್‌ಐ ಮಿತಿ, ಅದರ ಮೇಲೆ ಹೋದ್ರೆ ಟೈರ್ ರಿಮ್ ಬಿಟ್ಟು ಹಾರಬಹುದು. ಸರ್, ಈ ಲೆಕ್ಕ ಅವರಿಗೆ, ನಿಮಗಲ್ಲ.

ಹೆಬ್ಬೆರಳಲ್ಲಿ ಒತ್ತಿ ನೋಡಿ "ಗಟ್ಟಿ ಇದೆ" ಅನ್ನೋದು ಬಿಡಿ. 50 ದಾಟಿದ ಮೇಲೆ ಬೆರಳಿಗೆ ಎಲ್ಲಾ ಒಂದೇ. ಗೇಜ್ ಇರೋ ಫ್ಲೋರ್ ಪಂಪ್ ತಗೊಳ್ಳಿ, ದುಬಾರಿಯದೇ ಬೇಕಾಗಿಲ್ಲ, ಡೆಕಾಥ್ಲಾನ್‌ನಲ್ಲಿ ಸಿಗೋ ಸಾಧಾರಣದ್ದು ಸಾಕು. ವಾರಕ್ಕೊಮ್ಮೆ ನೋಡಿ. ಬ್ಯುಟೈಲ್ ಟ್ಯೂಬ್, ಅಂದ್ರೆ ಮಾಮೂಲಿ ರಬ್ಬರ್ ಟ್ಯೂಬ್, ಸುಮ್ಮನೆ ನಿಂತಿದ್ರೂ ಗಾಳಿ ಬಿಡುತ್ತೆ, ಸಣ್ಣ ಟೈರಲ್ಲಿ ಅದು ಬೇಗ ಗೊತ್ತಾಗುತ್ತೆ. ನಿಮ್ಮ ಅರ್ಧ ಪಂಕ್ಚರ್ ಇದರಿಂದಲೇ ಆಗಿರುತ್ತೆ ಅನ್ನೋದು ನನ್ನ ಅನುಮಾನ. ತಿಂಗಳ ಮೊದಲ ದಿನ 110, ಕೊನೇ ವಾರ ಎಷ್ಟಿತ್ತೋ ದೇವರಿಗೇ ಗೊತ್ತು.

ಈಗ ಅಸಲಿ ವಿಷಯ. ಟೈರ್ ಬಡಿದಿದ್ದು ಎಲ್ಲಿ? ನೀವೇ ಬರೆದಿದ್ದೀರಿ: ಬಸ್ಸಿಗೆ ಹೆದರಿ ರಸ್ತೆ ಅಂಚಿನ ಇಂಟರ್‌ಲಾಕ್ (ಒಂದಕ್ಕೊಂದು ಜೋಡಿಸಿದ ಸಿಮೆಂಟ್ ಬ್ಲಾಕ್) ಪಟ್ಟಿ ಮೇಲೆ ಹೋಗ್ತೀನಿ, ಜಾಮ್ ಆದಾಗ ಫುಟ್‌ಪಾತ್ ಹತ್ತುತ್ತೀನಿ ಅಂತ. ಎರಡನೇದಕ್ಕೆ ಮೊದಲು ಬೈದುಬಿಡ್ತೀನಿ. ಫುಟ್‌ಪಾತ್ ನಡೆಯೋರದ್ದು. ಬೈಕಿನವರು ಹತ್ತಿದಾಗ ನಾವೇ ವಿಡಿಯೋ ಹಾಕಿ ಕೂಗಾಡ್ತೀವಿ, ಸೈಕಲ್ ಆದ ತಕ್ಷಣ ಅದು ಬೇರೆ ಆಗಲ್ಲ. ಹತ್ತಲೇಬೇಕಾದ್ರೆ ಇಳಿದು ತಳ್ಳಿಕೊಂಡು ಹೋಗಿ. ರಿಚ್ಮಂಡ್ ರೋಡ್, ರೆಸಿಡೆನ್ಸಿ ರೋಡಲ್ಲಿ ಟೆಂಡರ್‌ಶ್ಯೂರ್ ಅನ್ನೋ ರಸ್ತೆ ಯೋಜನೇಲಿ ಕಟ್ಟಿದ ಫುಟ್‌ಪಾತ್ ಅಗಲ ಇದೆ, ಆಸೆ ಆಗುತ್ತೆ, ಗೊತ್ತು. ಆದ್ರೂ ಬೇಡ.

ಅಂಚಿನ ಪಟ್ಟಿ ಇನ್ನೂ ಅಪಾಯ. ವೈಟ್ ಟಾಪಿಂಗ್ ಆದ (ಡಾಂಬರಿನ ಮೇಲೆ ಕಾಂಕ್ರೀಟ್ ಹಾಕಿದ) ರಸ್ತೇಲಿ ಕಾಂಕ್ರೀಟ್ ಮುಗಿದು ಇಂಟರ್‌ಲಾಕ್ ಶುರುವಾಗೋ ಗೆರೆ ನೋಡಿ. ಹಾಕಿದ ಹೊಸದರಲ್ಲಿ ಸಮ ಇರುತ್ತೆ. ಕಾಂಕ್ರೀಟ್ ಅಲ್ಲಾಡಲ್ಲ, ಪಕ್ಕದ ಬ್ಲಾಕು ಕುಸಿಯುತ್ತೆ, ಎರಡು ಮಳೆಗಾಲ ಕಳೆಯೋ ಹೊತ್ತಿಗೆ ಅಲ್ಲೊಂದು ಮೆಟ್ಟಿಲು ಹುಟ್ಟಿರುತ್ತೆ. ಅದು ನೀವು ಹೋಗೋ ದಿಕ್ಕಿಗೇ ಉದ್ದಕ್ಕೆ ಇರೋದ್ರಿಂದ ಓರೆಯಾಗಿ ಹತ್ತೋಕೆ ಹೋದ್ರೆ ಮುಂದಿನ ಚಕ್ರ ಗೆರೆ ಹಿಡಿದು ಜಾರುತ್ತೆ, ನೀವು ಬಸ್ಸಿನ ಕಡೆಗೇ ಬೀಳ್ತೀರಿ. ಅಕಸ್ಮಾತ್ ಕೆಳಗೆ ಇಳಿದುಬಿಟ್ರೆ ಹಾಗೇ ಹತ್ತಬೇಡಿ. ನಿಧಾನ ಮಾಡಿ, ಹಿಂದೆ ನೋಡಿ, ಆದಷ್ಟು ನೇರ ಅಡ್ಡಕ್ಕೆ ತಿರುಗಿಸಿ ಹತ್ತಿ. ಸೀಟಿನಿಂದ ಎದ್ದು, ಎರಡು ಪೆಡಲ್ ಸಮ ಮಾಡಿ, ಮೊಣಕೈ ಸಡಿಲ. ಸೀಟ್ ಮೇಲೆ ಕೂತೇ ಹತ್ತಿದ್ರೆ ಪೂರ್ತಿ ಭಾರ ಹಿಂದಿನ ಚಕ್ರಕ್ಕೆ. ನಿಮಗೆ ಯಾವಾಗಲೂ ಹಿಂದಿನದೇ ಹೋಗ್ತಿರೋದು ಇದಕ್ಕೇ.

ಹಾಗಾದ್ರೆ ಎಲ್ಲಿ ಓಡಿಸೋದು? ಗೆರೆಯಿಂದ ಒಂದು ತೋಳಷ್ಟು ರಸ್ತೆ ಒಳಗೆ. ಹಾರ್ನ್ ಹೊಡೀತಾರೆ, ಹೊಡೀಲಿ. ಅಂಚಿಗೆ ಅಂಟಿಕೊಂಡು ಹೋದಷ್ಟೂ ಒತ್ತಿ ಓವರ್‌ಟೇಕ್ ಮಾಡೋ ಧೈರ್ಯ ಅವರಿಗೆ ಜಾಸ್ತಿ. ಗಾಜಿನ ಚೂರು, ಜಲ್ಲಿ, ಲಾರಿ ಟೈರಿನ ತಂತಿ ಎಲ್ಲಾ ಸೇರೋದೂ ಅಂಚಿಗೇ. ಗಾಡಿಗಳು ಓಡೋ ಜಾಗವನ್ನ ಅವುಗಳ ಟೈರೇ ಗುಡಿಸುತ್ತೆ. 2020ರಲ್ಲಿ ಔಟರ್ ರಿಂಗ್ ರೋಡಲ್ಲಿ ಬೊಲಾರ್ಡ್ (ಗಿಡ್ಡ ಕಂಬ) ನೆಟ್ಟು ಸೈಕಲ್ ಲೇನ್ ಮಾಡಿದಾಗ ಓಡಿಸಿದವರಿಗೆ ನೆನಪಿರುತ್ತೆ. ಗಾಡಿ ಬರಲ್ಲ ಅಂತ ಖುಷಿ, ಆದರೆ ಗಾಡಿ ಬರದ ಕಡೆ ಧೂಳೂ ಹೋಗಲ್ಲ. ಆಮೇಲೆ ಮೆಟ್ರೋ ಕೆಲಸ ಬಂತು, ಲೇನೇ ಹೋಯ್ತು, ಆ ಕಥೆ ಬೇಡ. ಜಯನಗರದ ಹಳೇ ಸೈಕಲ್ ಪಟ್ಟಿ ವಿಷಯ ನಿಮಗೇ ಗೊತ್ತಿದೆ, ಅಲ್ಲಿ ಕಾರು ನಿಂತಿರುತ್ತೆ. ಬಾಗಿಲು ತೆರೆಯೋ ಅಂತರ ಬಿಟ್ಟು ಹೋಗಿ, ಅಷ್ಟೇ.

ಇಲ್ಲಿ ಎಲ್ಲರೂ "ಬ್ಲಾಕ್ ಕಳಪೆ" ಅಂತಾರೆ. ಸ್ವಲ್ಪ ಬಗ್ಗಿ ನೋಡಿ ಸ್ವಾಮಿ. ಒಡೆದಿರೋ ಬ್ಲಾಕ್ ಎಷ್ಟು, ಕುಸಿದಿರೋದು ಎಷ್ಟು? ಬ್ಲಾಕು ಒಡೆಯೋದು ಅಪರೂಪ, ಕೆಳಗಿನ ಹಾಸು ಕೈಕೊಡೋದೇ ಜಾಸ್ತಿ. ತಳದಲ್ಲಿ ಜಲ್ಲಿ ಹಾಕಿ ದಮ್ಮಸ್ಸು ಮಾಡಬೇಕು, ಮೇಲೆ ಮರಳಿನ ಹಾಸು ತೆಳ್ಳಗೆ 20ರಿಂದ 40 ಎಂಎಂ ಇರಬೇಕು, ಬ್ಲಾಕ್ ಕೂರಿಸಿದ ಮೇಲೆ ಸಂದಿಗೆ ಸಣ್ಣ ಮರಳು ಗುಡಿಸಿ ಪ್ಲೇಟ್ ಕಂಪ್ಯಾಕ್ಟರ್ (ಅದುರಿಸಿ ಒತ್ತೋ ಯಂತ್ರ) ಓಡಿಸಬೇಕು. ನಡೆಯೋದು ತಳ ಏರುಪೇರು ಬಿಟ್ಟು, ಆ ಏರುಪೇರನ್ನ ಎಂ-ಸ್ಯಾಂಡ್‌ನಲ್ಲಿ ಮುಚ್ಚಿ, ಸುತ್ತಿಗೇಲಿ ತಟ್ಟಿ ಹೋಗೋದು. ಅಂಚಿಗೆ ಕಲ್ಲು ಕಟ್ಟದೆ ಬಿಟ್ರೆ ಬ್ಲಾಕುಗಳು ಪಕ್ಕಕ್ಕೆ ಸರಿದು ಸಂದಿ ಅಗಲ ಆಗುತ್ತೆ, ಮಳೆ ನೀರು ಮರಳನ್ನ ಹೊತ್ತೊಯ್ಯುತ್ತೆ. ಇನ್ನು 60 ಎಂಎಂ ಬ್ಲಾಕ್ ನಡೆಯೋರಿಗೆ ಸಾಕು, ಗಾಡಿ ಹತ್ತೋ ಕಡೆ 80 ಬೇಕು. ನಮ್ಮಲ್ಲಿ ಫುಟ್‌ಪಾತ್ ಮೇಲೆ ಗೂಡ್ಸ್ ಆಟೋ ನಿಲ್ಲುತ್ತೆ. ಆಮೇಲೆ ಕೇಬಲ್ಲಿಗೆ ಒಬ್ಬರು ಅಗೀತಾರೆ, ನೀರಿನ ಪೈಪಿಗೆ ಇನ್ನೊಬ್ಬರು, ಮಣ್ಣು ಹಾಗೇ ಸುರಿದು ಮೇಲೆ ಅದೇ ಬ್ಲಾಕ್ ಜೋಡಿಸ್ತಾರೆ. ಟೆಂಡರ್‌ಶ್ಯೂರ್ ರಸ್ತೆಗಳು ಇಷ್ಟಾದ್ರೂ ತಡೆದುಕೊಂಡಿರೋದಕ್ಕೆ ಕಾರಣ ಮೇಲಿನ ಕಲ್ಲಿನ ಅಂದ ಅಲ್ಲ. ಕೇಬಲ್ಲು, ಪೈಪು ಎಲ್ಲದಕ್ಕೂ ಕೆಳಗೆ ಮೊದಲೇ ಡಕ್ಟ್, ಅಂದ್ರೆ ಹಾದುಹೋಗೋ ದಾರಿ, ಬಿಟ್ಟಿರೋದು.

ಇದನ್ನ ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ಎಲ್ಲಿ ಕುಸಿಯುತ್ತೆ ಅಂತ ಗೊತ್ತಿದ್ರೆ ಎಲ್ಲಿ ಎಚ್ಚರ ಇರಬೇಕು ಅಂತ ಗೊತ್ತಾಗುತ್ತೆ. ಮ್ಯಾನ್‌ಹೋಲ್ ಸುತ್ತ, ಮರದ ಬುಡ, ಮನೆಗಳ ಗೇಟಿನ ರ‍್ಯಾಂಪ್ ಎರಡು ಪಕ್ಕ, ಇತ್ತೀಚೆಗೆ ಅಗೆದ ಗೆರೆ. ನಾನು ಹೊಸ ದಾರಿ ಹಿಡಿಯೋ ಮುಂಚೆ ಮಾಡೋದು ಒಂದೇ ಕೆಲಸ: ಮಳೆ ನಿಂತು ಅರ್ಧ ಗಂಟೆ ಆದ ಮೇಲೆ ಆ ದಾರೀಲಿ ನಡ್ಕೊಂಡು ಹೋಗೋದು. ಸೈಕಲ್ ಬೇಡ, ಫೋನೂ ಜೇಬಲ್ಲೇ ಇರಲಿ. ಮಿಕ್ಕ ಕಡೆ ಒಣಗುತ್ತಾ ಬಂದಾಗ ನೀರು ಎಲ್ಲಿ ನಿಂತಿದೆಯೋ ಅಲ್ಲಿ ತಳ ಕೂತಿದೆ. ಬ್ಲಾಕಿನ ಸುತ್ತ ನುಣ್ಣನೆ ಮರಳು ರಂಗೋಲಿ ಎಳೆದ ಹಾಗೆ ಮೇಲೆ ಬಂದಿದ್ರೆ ಗಾಡಿ ಹತ್ತಿದಾಗೆಲ್ಲ ಕೆಳಗಿನ ನೀರು ಮರಳನ್ನ ಹೊರಗೆ ಉಗುಳ್ತಿದೆ ಅಂತ ಅರ್ಥ, ಇವತ್ತು ಸಮ ಕಂಡರೂ ಮುಂದಿನ ತಿಂಗಳು ಅದು ಗುಂಡಿ. ಒಂದು ಮೂಲೆ ಮೇಲೆ ಕಾಲಿಟ್ಟಾಗ ಇನ್ನೊಂದು ಮೂಲೆ ಎದ್ದು, ಸಂದಿಯಿಂದ ಕೆಸರು ನೀರು ಪಿಚಕ್ಕಂತ ಪ್ಯಾಂಟಿಗೆ ಹಾರೋ ಬ್ಲಾಕ್ ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ! ಪ್ಯಾಂಟಿಗೆ ಬಿದ್ರೆ ಒಗೀಬಹುದು. ಅದೇ ಬ್ಲಾಕ್ ಮೇಲೆ ತಿರುವಲ್ಲಿ ಮುಂದಿನ ಚಕ್ರ ಹೋದ್ರೆ ಬೇರೆ ಕಥೆ. ಒಣ ದಿನ ಇದ್ಯಾವುದೂ ಕಾಣಲ್ಲ, ಎಲ್ಲಾ ಒಂದೇ ಬೂದು ಬಣ್ಣ.

ರಾತ್ರಿ ಓಡಿಸೋರಿಗೆ: ಹೆಲ್ಮೆಟ್ ಲೈಟ್ ಒಂದನ್ನೇ ನಂಬಬೇಡಿ. ಕಣ್ಣಿನ ಮಟ್ಟದಿಂದ ಬೆಳಕು ಬಿದ್ರೆ ನೆರಳೇ ಕಾಣಲ್ಲ, ಗುಂಡಿಯೂ ಸಮತಟ್ಟೇ. ಹ್ಯಾಂಡಲ್ ಮೇಲೆ, ಸಾಧ್ಯ ಆದ್ರೆ ಇನ್ನೂ ಕೆಳಗೆ ಫೋರ್ಕ್ (ಮುಂದಿನ ಚಕ್ರ ಹಿಡಿಯೋ ಕವಲು) ಹತ್ತಿರ ಒಂದು ಲೈಟ್ ಕಟ್ಟಿ. ಕೆಳಗಿನಿಂದ ಬಿದ್ದ ಬೆಳಕಲ್ಲಿ ಬೆರಳಿನಗಲ ಮೆಟ್ಟಿಲಿಗೂ ಉದ್ದ ನೆರಳು ಬರುತ್ತೆ. ಎದುರಿನವರ ಕಣ್ಣಿಗೆ ಹೊಡೀದ ಹಾಗೆ ತಗ್ಗಿಸಿಡಿ.

ಮರಗಳ ವಿಷಯ ಯಾರೂ ಹೇಳಲ್ಲ. ಜೂನ್ ಹೊತ್ತಿಗೆ ನೇರಳೆ ಮರದ ಕೆಳಗೆ ಫುಟ್‌ಪಾತ್ ನೇರಳೆ ಬಣ್ಣಕ್ಕೆ ತಿರುಗಿದ್ರೆ ಅದು ಎಣ್ಣೆ ಸುರಿದ ನೆಲಕ್ಕಿಂತ ಕಮ್ಮಿ ಇಲ್ಲ. ಮಳೆಮರದ ಕಾಯಿ ತುಳಿದು ಅಂಟಂಟು ಆಗುತ್ತೆ, ಗುಲ್‌ಮೊಹರ್ ಹೂವು ಒದ್ದೆಯಾದ್ರೆ ಜಾರುತ್ತೆ. ಖಾಲಿ ಸೈಟುಗಳ ಪಕ್ಕ ಮಳೆ ಆದ ಮೇಲೆ ನೆಗ್ಗಿಲು ಮುಳ್ಳು. ಅದಕ್ಕೆ ಮಾತ್ರ ದಪ್ಪ ಪದರದ ಟೈರ್ ಬೇಕು. ಶ್ವಾಲ್ಬೆ ಮ್ಯಾರಥಾನ್ ನನ್ನ ಆಯ್ಕೆ. ಭಾರ ಇದೆ, ಮ್ಯಾರಥಾನ್ ಪ್ಲಸ್ ಅಂತೂ ರಿಮ್ಮಿಗೆ ಏರಿಸೋಕೆ ಇಬ್ಬರು ಬೇಕು ಅನ್ನಿಸುತ್ತೆ, ಆಫೀಸಿಗೆ ಹೋಗೋರಿಗೆ ಅದು ದೊಡ್ಡ ವಿಷಯ ಅಲ್ಲ. ಆದರೆ ಅದು ಮುಳ್ಳಿಗೆ ಮದ್ದು, ಸ್ನೇಕ್‌ಬೈಟಿಗಲ್ಲ. ದುಬಾರಿ ಟೈರ್ ಹಾಕಿ ಮತ್ತೆ ಓರೆಯಾಗಿ ಕರ್ಬ್ ಹತ್ತಿದ್ರೆ ಮತ್ತೆ ಅದೇ ಎರಡು ಸೀಳು.

ಮೇಲೆ ಒಬ್ಬರು ಮೇಡಂ ಬೆಳಗಿನ ವಾಕಿಂಗಿಗೆ ಅತ್ತೇನ ಕರ್ಕೊಂಡು ಹೋಗೋದು ಹೇಗೆ ಅಂತ ಕೇಳಿದ್ದಾರೆ, ಯಾರೂ ಉತ್ತರ ಕೊಟ್ಟಿಲ್ಲ. ಮೇಡಂ, ಮೋರಿ ಮೇಲಿನ ಚಪ್ಪಡಿ ಕಲ್ಲಿನ ಫುಟ್‌ಪಾತ್ ಬಿಟ್ಟುಬಿಡಿ. ಒಂದು ಚಪ್ಪಡಿ ತುದಿ ತುಳಿದಾಗ ಅಲ್ಲಾಡಿದ್ರೆ ಆ ಸಾಲೇ ಬೇಡ. ಊರುಗೋಲಿನ ತುದಿಯ ರಬ್ಬರ್ ಬುಶ್ ಸವೆದಿದ್ರೆ ಮೆಡಿಕಲ್ ಸ್ಟೋರಲ್ಲಿ ಕೊಂಚ ದುಡ್ಡಿಗೆ ಹೊಸದು ಸಿಗುತ್ತೆ, ಬದಲಾಯಿಸಿ. ಫುಟ್‌ಪಾತ್ ಎತ್ತರ 150 ಎಂಎಂ ಮೀರಬಾರದು, ಕನಿಷ್ಠ 1.8 ಮೀಟರ್ ಅಗಲ ತೆರವಿರಬೇಕು ಅಂತ ರಸ್ತೆ ಮಾನದಂಡ ರೂಪಿಸೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರ ಮಾರ್ಗಸೂಚಿಯಲ್ಲೇ ಹೇಳಿತ್ತು. ನಮ್ಮ ಕಡೆ ಮೊಣಕಾಲೆತ್ತರ ಕಟ್ಟಿರೋದನ್ನ ಹತ್ತಿ ಇಳಿದು ಮಾಡೋದಕ್ಕಿಂತ ಒಳಗಿನ ಕ್ರಾಸ್ ರಸ್ತೆ ಡಾಂಬರಿನ ಮೇಲೆ ಎದುರು ಬರೋ ಗಾಡಿ ಕಾಣೋ ಹಾಗೆ ಬಲಗಡೆ ನಡೆಯೋದೇ ವಾಸಿ. ಭಾನುವಾರ ಆದ್ರೆ ಕಬ್ಬನ್ ಪಾರ್ಕ್, ಒಳಗೆ ಗಾಡಿ ಬಿಡಲ್ಲ.

ದೂರು ಕೊಟ್ಟರೆ ಏನೂ ಆಗಲ್ಲ ಅನ್ನೋರಿಗೆ: ಯಾರಿಗೆ ಕೊಟ್ಟಿರಿ ಅಂತ ನೋಡಿ. ಬ್ಲಾಕು, ಚಪ್ಪಡಿ, ಗುಂಡಿ ಆದ್ರೆ ಪಾಲಿಕೆ, 1533. ಒಳಚರಂಡಿ ಮ್ಯಾನ್‌ಹೋಲ್ ಮುಚ್ಚಳ, ನೀರಿನ ಪೈಪು ಅಗೆದದ್ದು ಆದ್ರೆ ಜಲಮಂಡಳಿ, 1916. ತಂತಿ, ಟ್ರಾನ್ಸ್‌ಫಾರ್ಮರ್ ಆದ್ರೆ ಬೆಸ್ಕಾಂ, 1912. ಮ್ಯಾನ್‌ಹೋಲ್ ದೂರನ್ನ ಪಾಲಿಕೆಗೆ ಕೊಟ್ಟು ಆರು ತಿಂಗಳು ಕಾಯೋದು ನಮ್ಮ ಗುಂಪಿನ ಹವ್ಯಾಸ ಆಗಿದೆ. ಈಗ ಪಾಲಿಕೆಯೂ ಐದು ಆಗಿದೆ, ನಿಮ್ಮ ರಸ್ತೆ ದಕ್ಷಿಣಕ್ಕೋ ಕೇಂದ್ರಕ್ಕೋ ನೋಡಿಕೊಂಡು ಬರೀರಿ. ಫೋಟೋ ನಿಂತಲ್ಲಿಂದ ತೆಗೀಬೇಡಿ, ಗುಂಡಿ ಆಳ ಕಾಣಲ್ಲ. ಕುಕ್ಕರುಗಾಲಲ್ಲಿ ಕೂತು, ಪಕ್ಕ ಒಂದು ನೀರಿನ ಬಾಟ್ಲಿ ನಿಲ್ಲಿಸಿ, ಹಿಂದೆ ಅಂಗಡಿ ಬೋರ್ಡೋ ಕಂಬದ ನಂಬರೋ ಬರೋ ಹಾಗೆ ತೆಗೀರಿ. ಕೊನೇಲಿ ಒಂದು ಸಾಲು ಸೇರಿಸಿ: ರಸ್ತೆ, ಫುಟ್‌ಪಾತ್ ಸರಿಯಾಗಿರೋದು ಸಂವಿಧಾನದ 21ನೇ ವಿಧಿಯ (ಜೀವಿಸುವ ಹಕ್ಕಿನ) ಹಕ್ಕು ಅಂತ 2019ರಲ್ಲಿ ನಮ್ಮ ಹೈಕೋರ್ಟ್ ಹೇಳಿದೆ, ಫುಟ್‌ಪಾತ್ ಬಗ್ಗೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಅದು ಓದಿ ಬ್ಲಾಕ್ ತಾನಾಗೇ ಎದ್ದು ಕೂರಲ್ಲ, ಆದ್ರೆ ಫೈಲಿನಲ್ಲಿ ಇರಲಿ.

ಸರ್, ನಿಮ್ಮ 32 ಟೈರ್ ಯಾರಿಗೋ ಕೊಟ್ಟುಬಿಟ್ಟಿದ್ರೆ ಹೊಸದಕ್ಕೆ ದುಡ್ಡು ಹಾಕೋ ಮುಂಚೆ 35 ಹಿಡಿಯುತ್ತಾ ನೋಡೋಣ. ರಿಮ್ ಒಳಗಿನ ಅಗಲ ಸಾಮಾನ್ಯವಾಗಿ ಸ್ಟಿಕ್ಕರ್ ಮೇಲೆ ಇರುತ್ತೆ. ಫೋರ್ಕಿಗೂ ಟೈರಿಗೂ, ಹಿಂದೆ ಚೈನ್‌ಸ್ಟೇಗೂ (ಪೆಡಲ್ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗೋ ಫ್ರೇಮಿನ ಕೊಳವೆ) ಟೈರಿಗೂ ಮಧ್ಯೆ ಎಷ್ಟು ಸಂದಿ ಇದೆ ಅಂತ ಸ್ಕೇಲ್ ಹಿಡಿದು ಫೋಟೋ ಹಾಕಿ. ಮಡ್‌ಗಾರ್ಡ್ ಇದೆಯೋ ಇಲ್ಲವೋ ಅದನ್ನೂ ಹೇಳಿ.